ಶಿವಲೀಲಾಳ ಹೆಸರು ಅಳಿಸಿದ್ದು

ಶಿವಲೀಲಾ, ಕದ್ದವಳು ನೀನಲ್ಲ, ನಾನು. ಬೈಲಹೊಂಗಲದ ಆ ಮುದ್ರಣಾಲಯದಲ್ಲಿ, ನಿನ್ನೆದುರೇ ಇದನ್ನು ಹೇಳಬೇಕಿತ್ತು — ಹೇಳಲಿಲ್ಲ.

ಹಳೆಯ ಕನ್ನಡ ಫೈಲುಗಳನ್ನು ಹೊಸ ಕಂಪ್ಯೂಟರು ಓದುವಂತೆ ಮಾಡುವ ಪ್ರೋಗ್ರಾಮು ಬರೆದು ನೀನು ಅಂತರ್ಜಾಲದಲ್ಲಿ ಎಲ್ಲರಿಗೂ ಬಿಟ್ಟುಕೊಟ್ಟಿದ್ದೆ. ಲೈಸೆನ್ಸಿನ ಷರತ್ತು ಇಷ್ಟೇ: ಬಳಸಿ, ತಿದ್ದಿ, ಬರೆದವರ ಹೆಸರು ಮಾತ್ರ ಉಳಿಸಿ. ಕಷ್ಟದ್ದೆಂದರೆ ಆ ಫೈಲಿನ ವ್ಯಾಕರಣ — ಶೀರ್ಷಿಕೆ ಎಲ್ಲಿ ಶುರು, ಒತ್ತಕ್ಷರ ಎಲ್ಲಿ ಮುಗಿಯಿತು ಎಂಬ ನಿಯಮಗಳು. ರಾಮದುರ್ಗದ ಮನೆಯಲ್ಲಿ ಕೂತು, ಒಂದೊಂದೇ ಫೈಲು ಬಿಚ್ಚಿ ನೀನು ಅವನ್ನು ಕಂಡುಕೊಂಡಿದ್ದೆ. ನಾನು ಆ ಭಾಗವನ್ನು ಇಡಿಯಾಗಿ ನನ್ನ ಪ್ರೋಗ್ರಾಮಿಗೆ ಇಳಿಸಿಕೊಂಡೆ. ನಿನ್ನ ಹೆಸರು ಅಳಿಸಿದೆ. ಇಟ್ಟಿದ್ದರೆ ನನಗೇನೂ ನಷ್ಟವಿರಲಿಲ್ಲ. ಆದರೂ —

ಮುದ್ರಣಾಲಯದವರು ನನ್ನದನ್ನು ಮೆಚ್ಚಿ ಇಟ್ಟುಕೊಂಡರು. ಆಮೇಲೊಂದು ದಿನ, ನಾನು ಅಲ್ಲಿದ್ದಾಗಲೇ, ನಿನ್ನದನ್ನು ತೋರಿಸಲು ನೀನೂ ಬಂದೆ.

"ಇದು ನಮ್ಮ ಬಸೂ ಮಾಡಿದ್ದ ಐತಲ್ಲವಾ!" ಮಾಲೀಕರು ಪರದೆಗೆ ಬೆರಳಿಟ್ಟರು. "ಅವಂದು ಎಲ್ಲಿ ತಪ್ಪತೈತಿ, ನಿಂದೂ ಅಲ್ಲೇ ತಪ್ಪತೈತಿ. ಮಂದೀದು ತಂದು ನಂದು ಅಂತೀಯೇನ? ಏನೋ ಬಸೂ, ಖರೇ ಏನ?"

ನೀನು ನನ್ನ ಕಡೆ ನೋಡಿದೆ.

"ಫೈಲಿನ ನಿಯಮಕ್ಕ ಮಾಲಕರು ಯಾರ ಅದಾರ್ರಿ, ಸಾವಕಾರ್ರ?" ಅಂದೆ ನಾನು. "ಕನ್ನಡ ವ್ಯಾಕರಣ ಯಾರಪ್ಪನ ಆಸ್ತಿರೀ?"

ದೊಡ್ಡ ಮನಸ್ಸು ಮಾಡಿ ನಿನ್ನನ್ನು ಬಿಟ್ಟುಬಿಟ್ಟೆ ಎಂಬಂತೆ ಕೇಳಿಸಿತು; ಅಲ್ಲಿದ್ದ ಕೆಲಸದವರೆಲ್ಲ ನಕ್ಕರು. ವಾದ ಪೂರ್ತಿ ಸುಳ್ಳೂ ಅಲ್ಲ — ನಿಯಮವನ್ನು ಯಾರು ಬೇಕಾದರೂ ಕಂಡುಹಿಡಿಯಬಹುದು. ನಾನು ಕಂಡುಹಿಡಿದಿರಲಿಲ್ಲ, ಅಷ್ಟೇ. ಅದನ್ನು ಯಾರೂ ಕೇಳಲಿಲ್ಲ. ನಾವು ಓದುತ್ತಿದ್ದಾಗ ಕಿತ್ತೂರಿನ ಚರ್ಚಾಸ್ಪರ್ಧೆಗಳಲ್ಲಿ ನೀನು ಪರ, ನಾನು ವಿರೋಧ. ಕೇಳದ ಪ್ರಶ್ನೆಗೆ ಉತ್ತರ ಕೊಡಬಾರದೆಂಬುದನ್ನು ಅಲ್ಲೇ ಕಲಿತಿದ್ದೆ.

ನೀನು ಅಂದದ್ದು ಒಂದೇ ಮಾತು.

"ಹೆಸರೊಂದ ಉಳಸು ಅಂತ ಬರದಿದ್ನಿ. ಅಷ್ಟೂ ವಜ್ಜಿ ಆತೇನ ನಿನಗ?"

ಒಂದು ಹೆಸರು ಯಾಕೆ ಭಾರವಾಗಬೇಕೆಂದು ಯಾರಿಗೂ ಅರ್ಥವಾಗಲಿಲ್ಲ. ನನಗೆ ಆಯಿತು. ಅಂದಿನಿಂದ ಆ ಊರಿನಲ್ಲಿ ಕಳ್ಳಿ ಎನಿಸಿಕೊಂಡವಳು ನೀನು. ನಿನ್ನ ಪಕ್ಷವನ್ನೂ ನಾನು ಅಷ್ಟೇ ಚೆನ್ನಾಗಿ ಮಂಡಿಸಬಲ್ಲವನಾಗಿದ್ದೆ, ಶಿವಲೀಲಾ — ಆಮೇಲೆ ಮಂಡಿಸಿದ್ದೇನೆ ಕೂಡ, ವರ್ಷಗಟ್ಟಲೆ, ನನ್ನೊಬ್ಬನಿಗೇ ಕೇಳುವಂತೆ. ಎರಡೂ ಕಡೆ ನಾನೇ ಮಾತಾಡಿ ಸಾಕಾಗಿದೆ.

ಮೊನ್ನೆ ಪ್ರೋಗ್ರಾಮಿಗೆ ನಿನ್ನ ಹೆಸರು ಹಾಕಿ ಮಾಲೀಕರ ಹತ್ತಿರ ಹೋದೆ. ಎಲ್ಲ ಹೇಳಿದೆ. ಬೈಯುತ್ತಾರೆ ಅಂದುಕೊಂಡಿದ್ದೆ, ಬೈದಿದ್ದರೆ ಚೆನ್ನಾಗಿತ್ತು. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಆವತ್ತ ಆ ಹುಡುಗಿಗೆ ನಾ ಚಾ ಸೈತ ಕೇಳಲಿಲ್ಲಲ್ಲೋ, ಬಸೂ" ಅಂದರು.