‘ಇರ್ಲಿ ಬಿಡು’ ಅಂದದ್ದಕ್ಕೆ

ಬೆಳಗ್ಗೆ ನಡೆದದ್ದನ್ನು ಸಂಜೆ ಬರೆಯುವಾಗಲೇ ಅಂಗಡಿಯಲ್ಲಿ ಕತ್ತರಿಸುತ್ತಿದ್ದ ಬಟ್ಟೆ ನೀಲಿಯೋ ಹಸಿರೋ ಎಂಬ ಅನುಮಾನ. ಕೆಲವು ವಿವರ ತಪ್ಪಿರಬಹುದು, ಆಡಿದ ಮಾತು ತಪ್ಪಿಲ್ಲ.

ನೈರೋಬಿಯ ಪಂಗಾನಿಯಲ್ಲಿ ಬಟ್ಟೆಯಂಗಡಿ ಇಟ್ಟಿರುವ ಹಲೀಮಾ ಸೊಮಾಲಿಯಾದವಳು. ಅವಳ ತಾಯಿ ಇನ್ನೂ ಅಲ್ಲಿನ ರಾಜಧಾನಿ ಮೊಗದಿಶುವಿನಲ್ಲಿದ್ದಾಳೆ, ಮನೆಯೆದುರೇ ಇಥಿಯೋಪಿಯಾದ ಸೈನಿಕರ ಕಾವಲು. ಆ ಸೈನ್ಯ ಅಲ್ಲಿರಬೇಕೋ ಬೇಡವೋ ಎಂದು ವರದಿ ಬರೆಯುವುದು ಅಂತರರಾಷ್ಟ್ರೀಯ ಸಂಸ್ಥೆಯೊಂದರಲ್ಲಿರುವ ನನ್ನ ಭಾವನ ಕೆಲಸ.

ನಾನೂ ಭಾವನೂ ಅವರ ಮಗಳೂ ಅಂಗಡಿಗೆ ಹೋದಾಗ, ಬಟ್ಟೆ ಕತ್ತರಿಸುತ್ತಾ ಹಲೀಮಾ ಸ್ವಾಹಿಲಿಯಲ್ಲಿ ಅದನ್ನೇ ಕೇಳಿದಳು: “ನೀವೇನು ಬರೀತೀರಿ?” ಭಾವ ಮುಜುಗರದಿಂದ ನನ್ನತ್ತ ತಿರುಗಿ ಕನ್ನಡದಲ್ಲಿ, “ಇರ್ಲಿ ಬಿಡು, ನಡಿ ಹೋಗೋಣ,” ಎಂದರು. ನೈರೋಬಿಯಲ್ಲೇ ಹುಟ್ಟಿ ಬೆಳೆದ, ಕನ್ನಡ ಅಷ್ಟಕ್ಕಷ್ಟೇ ಬರುವ ಅವರ ಮಗಳು ದಿಶಾ ಅದನ್ನು ಉತ್ಸಾಹದಿಂದ ಸ್ವಾಹಿಲಿಯಲ್ಲಿ ಹೇಳಿಬಿಟ್ಟಳು: ಸೈನ್ಯ ಅಲ್ಲೇ ಇರಲಿ ಅಂತಾರೆ ಅಪ್ಪ!

ಹಲೀಮಾ ಕತ್ತರಿ ಕೆಳಗಿಟ್ಟಳು. “ಇರಲಿ ಅನ್ನೋಕೆ ನೀವ್ಯಾರು, ಸಾಹೇಬ್ರೇ? ಬಂದೂಕು ನಿಂತಿರೋದು ನಮ್ಮಮ್ಮನ ಬಾಗಿಲಲ್ಲಿ. ಅವಳನ್ನ ಕೇಳಿ.”

ಭಾವ ನಗುತ್ತಾ ಭಾಷೆಯ ಎಡವಟ್ಟನ್ನು ವಿವರಿಸಿದರು. ಅವಳು ನಗಲಿಲ್ಲ. ಅವಳು ಹೇಳಿದ್ದೇ ಸರಿ. ಇದರಲ್ಲಿ ನನಗೆ ಎರಡು ಮನಸ್ಸಿಲ್ಲ.

ಕಾರು ಹತ್ತಿದ ಮೇಲೆ ನಾನೂ ಕೇಳಿದೆ: “ಭಾವ, ವರದಿ ಬರೆಯೋಕೆ ಮುಂಚೆ ಆ ಊರಲ್ಲಿರೋರನ್ನ ಒಬ್ಬರನ್ನಾದ್ರೂ ನೀವು ಕೇಳಿದೀರಾ?”