ದೊಡ್ಡವ್ವನ ಡಿವಿಡಿ ಕೆಚ್ಚಿದ್ದು

ಇವತ್ತು ಬೆಳಿಗ್ಗೆ ಮಾಳಿಗೆಯ ಮೇಲೆ ಬಟ್ಟೆ ಒಣಹಾಕಲು ಹೋದಾಗ ಕಣ್ಣಿಗೆ ಫಳ್ಳನೆ ಏನೋ ಹೊಡೆಯಿತು. ಹಿಂದಿನ ಮನೆಯವರು ಮೆಣಸಿನಕಾಯಿ ಹರವಿದ್ದರು. ಪಾರಿವಾಳ ಬರಬಾರದೆಂದು ಸುತ್ತ ದಾರ ಕಟ್ಟಿ ಹಳೆಯ ಡಿವಿಡಿಗಳನ್ನು ತೂಗುಬಿಟ್ಟಿದ್ದರು. ಗಾಳಿಗೆ ಅವು ತಿರುಗುತ್ತಿದ್ದವು. ಪಾರಿವಾಳಗಳೇನೂ ಹೆದರಲಿಲ್ಲ, ಆರಾಮಾಗಿ ಕೂತು ಬೀಜ ಕುಕ್ಕುತ್ತಿದ್ದವು. ಎದೆ ಡವಡವ ಅಂದದ್ದು ನನ್ನದು. ಕೈಯಲ್ಲಿದ್ದ ಹಸಿ ಬಟ್ಟೆಯನ್ನು ಹಾಗೇ ಹಿಡಿದು, ಎದುರಿಗಿದ್ದ ತಿರುಗುವ ತಟ್ಟೆಗಳಲ್ಲಿ ಯಾವುದಾದರೂ ಬಾದಾಮಿ ಸ್ಟುಡಿಯೋದ್ದು ಇದೆಯೇ ಎಂದು ಹುಡುಕುತ್ತ ನಿಂತೆ. ಇರುವುದು ಸಾಧ್ಯವೇ ಇಲ್ಲ ಅಂತ ನನಗೆ ಗೊತ್ತಿತ್ತು. ಆದರೂ ಹುಡುಕಿದೆ...

ಇಳಕಲ್ಲಿನಲ್ಲಿ ನಾವು ಬಾಡಿಗೆಗಿದ್ದ ಮನೆಗೂ ದೊಡ್ಡವ್ವನ ಮನೆಗೂ ನಡುವೆ ಒಂದೇ ಗೋಡೆ. ಆಕೆ ನನಗೆ ಯಾವ ಲೆಕ್ಕದಲ್ಲೂ ದೊಡ್ಡವ್ವ ಅಲ್ಲ. ನಾನು ಶಾಲೆಗೆ ಹೊಸದಾಗಿ ಬಂದ ಟೀಚರು, ಆಕೆ ನೇಕಾರರ ಮನೆಯಾಕೆ. ಮೊದಲ ದಿನವೇ ಒಂದು ಡಬರಿ ಮಜ್ಜಿಗೆ ತಂದಿಟ್ಟು, "ನನಗ ದೊಡ್ಡವ್ವ ಅನ್ನು, ಸಾಕು" ಅಂದಿದ್ದಳು. ಅಂದಿನಿಂದ ಅದೇ ಹೆಸರು. ಗೋಡೆಯಾಚೆ ಅವಳ ಗಂಡನ ಕುಣಿಮಗ್ಗ ಬೆಳಿಗ್ಗೆಯಿಂದ ಸಂಜೆವರೆಗೆ ಟಕ್ಕಟಕ್ಕ ಅನ್ನುತ್ತಿತ್ತು. ಆ ಮನುಷ್ಯ ಬಾಯಿ ಬಿಟ್ಟು ಮಾತಾಡಿದ್ದನ್ನು ನಾನು ಎರಡು ವರ್ಷದಲ್ಲಿ ನಾಲ್ಕು ಸಲ ಕೇಳಿರಬಹುದು. ಒಂದು ದಿನ ಮಗ್ಗ ನಿಂತಿತು. ಆಮೇಲೆ ಅದು ಮತ್ತೆ ಸದ್ದು ಮಾಡಲಿಲ್ಲ.

ಅವರು ತೀರಿಕೊಂಡ ಐದಾರು ತಿಂಗಳಿಗೆ ದೊಡ್ಡವ್ವ ಸೆರಗಿನಲ್ಲಿ ಸುತ್ತಿಕೊಂಡು ಒಂದು ಡಿವಿಡಿ ತಂದಳು. ಡಿವಿಡಿ ಪ್ಲೇಯರು ಮನೆಮನೆಗೆ ಬರುತ್ತಿದ್ದ ಕಾಲ ಅದು. ನಮ್ಮ ಮನೆಯಲ್ಲಿ ಕಂಪ್ಯೂಟರು ಬೇರೆ ಬಂದಿತ್ತು. ನನ್ನ ಗಂಡ ಅದನ್ನು ತಂದಿಟ್ಟದ್ದಷ್ಟೇ, ಕಲಿತವಳು ನಾನು. ಹೀಗಾಗಿ ಓಣಿಯಲ್ಲಿ ಯಾರ ವಯರಿನ ಸಾಮಾನು ಕೆಟ್ಟರೂ ನಮ್ಮ ಬಾಗಿಲಿಗೇ ಬರುತ್ತಿದ್ದರು.

"ತಂಗಿ, ಇದರಾಗ ನಮ್ಮ ಮನಿಯವ್ರು ಅದಾರ. ನಡುನಡುವ ನಿಂದ್ರಾಕತ್ತೈತಿ. ಪೂರಾ ಕೆಡೂದರಾಗ ಇನ್ನೊಂದ ತಗದ ಇಡಬೇ" ಅಂದಳು.

ಶಿವಯೋಗ ಮಂದಿರದಲ್ಲಿ ನಡೆದ ಅವಳ ತಂಗಿಯ ಮಗಳ ಮದುವೆ ಅದು. ಬಾದಾಮಿಯ ಸ್ಟುಡಿಯೋದವನು ಎರಡೇ ಡಿವಿಡಿ ಮಾಡಿಕೊಟ್ಟಿದ್ದನಂತೆ. ಮದುಮಗಳ ಮನೆಯದ್ದು ಮುರಿದುಹೋಗಿತ್ತು. ಸ್ಟುಡಿಯೋಕ್ಕೆ ಹೋಗಿ ಕೇಳಿದರೆ, ಆ ಕ್ಯಾಸೆಟ್ಟಿನ ಮೇಲೆ ಬೇರೆ ಮದುವೆ ತೆಗೆದಾಯಿತು ಅಂದುಬಿಟ್ಟನಂತೆ. ಉಳಿದದ್ದು ಇದೊಂದೇ.

ನನ್ನ ಕಂಪ್ಯೂಟರಿಗೆ ಹಾಕಿ ಇಬ್ಬರೂ ನೋಡಿದೆವು. ಊಟದ ಪಂಕ್ತಿ ಬಂತು. ಅವಳ ಗಂಡ ಕೂತಿದ್ದರು. ಯಾರೋ ಹೋಳಿಗೆ ಹಾಕಲು ಬಂದರೆ ಎಲೆಯ ಮೇಲೆ ಎರಡೂ ಕೈ ಅಡ್ಡ ಹಿಡಿದರು. ಅಲ್ಲಿ ಚಿತ್ರ ಕ್ಷಣಹೊತ್ತು ಗಟ್ಟಿಯಾಗಿ ನಿಂತು, ಮತ್ತೆ ಹೇಗೋ ಮುಂದೆ ಹೋಯಿತು. "ನೋಡ, ನೋಡ, ನಗತಾರ!" ಅಂದಳು ದೊಡ್ಡವ್ವ, ಸಣ್ಣ ಹುಡುಗಿಯಂತೆ. ಆಮೇಲೆ ಹೇಳಿದಳು: ಮೂವತ್ತು ವರ್ಷ ಮಗ್ಗದಲ್ಲಿ ಅವರ ಹಿಂದೆ ಕೂತು ರಾಟಿಯಲ್ಲಿ ನೂಲಿನ ಕಂಡಿಕೆ ಸುತ್ತಿದ್ದೇನೆ, ನನಗೆ ಅವರ ಬೆನ್ನು ಗೊತ್ತು, ಬೆನ್ನಿನ ಮೇಲೆ ಎಲ್ಲೆಲ್ಲಿ ಮಚ್ಚೆ ಇವೆ ಅದೂ ಗೊತ್ತು. ಎದುರಿಗೆ ಕೂತು ನಕ್ಕದ್ದನ್ನು ನೋಡಿದ್ದು ಈ ಡಬ್ಬಿಯಲ್ಲೇ.

ಅಲ್ಲಿಗೆ ನನ್ನ ನಿದ್ದೆ ಹೋಯಿತು.

ನಾನು ಹುಟ್ಟಾ ಗಾಬರಿಯವಳು. ಗ್ಯಾಸ್ ಬಂದ್ ಮಾಡಿದ್ದೀನೋ ಇಲ್ಲವೋ ಅಂತ ಶಾಲೆಯ ಅರ್ಧ ದಾರಿಯಿಂದ ವಾಪಸು ಬಂದವಳು. ಅಂಥವಳ ಕೈಗೆ ಒಬ್ಬ ಹೆಂಗಸಿನ ಗಂಡನ ಏಕೈಕ ನಗು ಬಂದರೆ ಏನಾಗಬೇಡ? ಡಿವಿಡಿ ಡ್ರೈವಿನಲ್ಲಿ ತಿರುಗುತ್ತ ತಿರುಗುತ್ತ ಚೂರಾಗುತ್ತದೆ ಅಂತ ಯಾರೋ ಹೇಳಿದ್ದರು. ಅದು ನಿಜವೋ ಸುಳ್ಳೋ, ನನಗಂತೂ ಕಣ್ಣುಮುಚ್ಚಿದರೆ ಚೂರೇ ಕಾಣುತ್ತಿತ್ತು. ಪ್ರತಿ ತೆಗೆಯದೆ ಬಿಟ್ಟರೆ ತಾನಾಗಿಯೇ ಕೆಡುತ್ತದೆ. ತೆಗೆಯಲು ಹೋದರೆ ನನ್ನ ಕೈಯಿಂದ ಕೆಡುತ್ತದೆ. ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು ಅನ್ನುವ ಹಾಗಾಯಿತು ನನ್ನ ಗತಿ.

ಪ್ರತಿ ತೆಗೆಯಲು ಯಾವ ಸಾಫ್ಟ್‌ವೇರು ಒಳ್ಳೆಯದು ಅಂತ ಕಂಡಕಂಡವರನ್ನು ಕೇಳಿದೆ. ಕಂಪ್ಯೂಟರ್ ಪತ್ರಿಕೆಯ ಜೊತೆ ಪುಕ್ಕಟೆ ಬರುತ್ತಿದ್ದ ಸೀಡಿಯಲ್ಲಿ ಅಂಥವು ರಾಶಿ ಇದ್ದವು. ಮೊದಲನೆಯದನ್ನು ನಮ್ಮದೇ ಒಂದು ಹಾಳು ಡಿವಿಡಿಯ ಮೇಲೆ ಪ್ರಯೋಗ ಮಾಡಿದೆ. ಅದು ಪ್ರತಿ ತೆಗೆಯಿತು, ಆದರೆ ಚಿತ್ರದ ನಟ್ಟನಡುವೆ ತನ್ನ ಹೆಸರನ್ನು ಅಡ್ಡಡ್ಡ ಬರೆದುಕೊಂಡಿತು. ಕಾಸು ಕೊಟ್ಟು ಕೊಂಡರೆ ಮಾತ್ರ ಹೆಸರು ಅಳಿಸುತ್ತದಂತೆ. "ಚಲೋ ಆತು, ಆ ಮುದುಕನ ಹಣಿ ಮ್ಯಾಲೆ ವಿಭೂತಿ ಬದ್ಲಿ ಕಂಪನಿ ಬೋರ್ಡು" ಅಂತ ನನ್ನ ಗಂಡ ನಕ್ಕರು. ನನಗೆ ನಗು ಬರಲಿಲ್ಲ. ಇನ್ನೊಂದು ಎಲ್ಲವನ್ನೂ ಹಿಂಡಿ ಸಣ್ಣದು ಮಾಡುತ್ತಿತ್ತು, ಮುಖಗಳೆಲ್ಲ ಚೌಕ ಚೌಕ. ಸೈಬರ್ ಕೆಫೆಯಿಂದ ತಂದ ಮತ್ತೊಂದರ ಜೊತೆ ವೈರಸ್ಸೂ ಬಂದು, ಎರಡು ದಿನ ಕಂಪ್ಯೂಟರು ಮೇಲೇಳಲಿಲ್ಲ.

ಕಡೆಗೆ ಎರಡು ಉಳಿದವು. ಒಂದು ಬಲು ಚುರುಕು, ಅರ್ಧ ತಾಸಿನಲ್ಲಿ ಕೆಲಸ ಮುಗಿಸುತ್ತಿತ್ತು, ಕೆಟ್ಟ ಜಾಗ ಬಂದರೆ ಜಿಗಿದು ಮುಂದೆ ಹೋಗುತ್ತಿತ್ತು. ಇನ್ನೊಂದು ನಿಧಾನದ್ದು. ಕೆಟ್ಟ ಜಾಗ ಬಂದರೆ ಅಲ್ಲೇ ನಿಂತು, ಓದಲು ಬರುವವರೆಗೆ ನೂರು ಸಲ ಬೇಕಾದರೂ ಓದುತ್ತಿತ್ತು.

ಇಷ್ಟೆಲ್ಲ ತಿಳಿದುಕೊಂಡ ಗರ್ವಕ್ಕೆ ಒಂದು ತಪ್ಪು ಮಾಡಿದೆ. ದೊಡ್ಡವ್ವ ಬಂದು ಕೂತಿದ್ದಾಗ, ನಾಳೆ ರವಿವಾರ ಬರ್ನ್ ಮಾಡಿಬಿಡುತ್ತೇನೆ ಅಂದೆ.

"ಬರ್ನ್ ಅಂದ್ರ?"

"ಸುಡೂದು, ದೊಡ್ಡವ್ವ. ಡಿವಿಡಿ ಸುಡೂದು ಅಂತಾರ ಇದಕ್ಕ."

ಅವಳು ಎದ್ದು, ಮೇಜಿನ ಮೇಲಿದ್ದ ಡಿವಿಡಿಯನ್ನು ಸೆರಗಿನಲ್ಲಿ ಸುತ್ತಿಕೊಂಡಳು. ಬಾಗಿಲಲ್ಲಿ ತಿರುಗಿ ನಿಂತು, "ನಮ್ಮಲ್ಲಿ ಸುಡೂದಿಲ್ಲ ತಂಗಿ. ಅವರಿಗೆ ಮಣ್ಣ ಕೊಟ್ಟೇವಿ" ಅಂದಳು.

ನಾನು ನಕ್ಕೆ. ಹೌದು, ನಕ್ಕುಬಿಟ್ಟೆ. ಅವಳ ಮುಖ ನೋಡಿದ ಮೇಲೆ ಬಾಯಿ ಮುಚ್ಚಿಕೊಂಡೆ, ಆದರೆ ಆಗಿದ್ದು ಆಗಿಹೋಗಿತ್ತು. ಹದಿನೈದು ದಿನ ಆ ಕಡೆಯಿಂದ ಮಜ್ಜಿಗೆ ಬರಲಿಲ್ಲ. ಗೋಡೆಯಾಚೆ ಆ ಮದುವೆಯ ವಾದ್ಯದ ಸದ್ದು ದಿನಾ ಕೇಳುತ್ತಿತ್ತು. ದಿನದಿನಕ್ಕೆ ಹೆಚ್ಚು ಹೆಚ್ಚು ಕಡೆ ನಿಲ್ಲುತ್ತಿತ್ತು. ನಾನು ಮಕ್ಕಳ ನೋಟ್‌ಬುಕ್ಕು ತಿದ್ದುವುದು ಬಿಟ್ಟು, ಎಷ್ಟು ಸಲ ನಿಂತಿತು ಅಂತ ಎಣಿಸುತ್ತಿದ್ದೆ.

ಕಡೆಗೆ ತಡೆಯಲಾರದೆ ನಾನೇ ಹೋದೆ. ದೊಡ್ಡವ್ವ ಪಡಸಾಲೆಯಲ್ಲಿ ಯಾರದೋ ಮಗ್ಗಕ್ಕೆ ಕೆಚ್ಚುವ ಕೆಲಸದಲ್ಲಿದ್ದಳು. ಮಗ್ಗದ ಮೇಲಿನ ಹಾಸು, ಅಂದರೆ ಉದ್ದಕ್ಕೆ ಬಿಗಿದ ನೂಲು, ಮುಗಿಯುತ್ತ ಬಂದಾಗ, ಹಳೆಯ ಒಂದೊಂದು ಎಳೆಯ ತುದಿಗೂ ಹೊಸ ಎಳೆಯ ತುದಿ ಕೂಡಿಸಿ ಬೆರಳಲ್ಲಿ ಹೊಸೆಯುತ್ತಾರಲ್ಲ, ಅದು ಕೆಚ್ಚುವುದು. ಸಾವಿರಾರು ಎಳೆ. ಅವಳು ಕೆಚ್ಚಿದರೆ ಒಂದೂ ತಪ್ಪದು ಅಂತ ಓಣಿಯಲ್ಲಿ ಹೆಸರಿತ್ತು. ನೋಡುತ್ತ ಕೂತವಳಿಗೆ ತಟ್ಟನೆ ಹೊಳೆಯಿತು.

"ದೊಡ್ಡವ್ವ, ನಾ ತಪ್ಪ ಹೇಳಿದ್ನಿ. ಸುಡೂದಲ್ಲ ಅದು. ಕೆಚ್ಚೂದು. ಹಳೇದರಾಗಿನ ಎಳಿ ಎಳಿ ಹಿಡದು ಹೊಸಾದಕ್ಕ ಕೆಚ್ಚೂದು."

ಅವಳ ಬೆರಳು ನಿಂತವು. "ಹಂಗಂತ ಮೊದ್ಲ ಹೇಳಬಾರದೇನಬೇ ಖೋಡಿ!" ಅಂದು, ಒಳಗೆ ಹೋಗಿ ದೇವರ ಜಗಲಿಯ ಮೇಲಿನಿಂದ ಡಿವಿಡಿ ತಂದುಕೊಟ್ಟಳು. ನನ್ನ ಜಾಣತನಕ್ಕೆ ನಾನೇ ಬೆನ್ನು ತಟ್ಟಿಕೊಂಡೆ.

ರವಿವಾರ ಬೆಳಿಗ್ಗೆ ನಿಧಾನದ ಸಾಫ್ಟ್‌ವೇರನ್ನೇ ಹಚ್ಚಿದೆ. ಹನ್ನೊಂದು ತಾಸು ಬೇಕು ಅಂತ ತೋರಿಸಿತು. ದಿನಕ್ಕೆ ಮೂರು ಸಲ ಕರೆಂಟು ಹೋಗುವ ಊರಲ್ಲಿ ಹನ್ನೊಂದು ತಾಸು! ಕೆಟ್ಟ ಜಾಗ ಬಂದದ್ದೇ ಡ್ರೈವು ಗರ್ರ್... ಗರ್ರ್... ಅಂತ ಅರಚತೊಡಗಿತು. ಒಂದೇ ಕಡೆ, ಮತ್ತೆ ಮತ್ತೆ. ದೊಡ್ಡವ್ವ ನನ್ನ ಹಿಂದೆ ನೆಲದ ಮೇಲೆ ಕೂತು ಅಂಗೈ ತಿಕ್ಕಿಕೊಳ್ಳುತ್ತಿದ್ದಳು. ನನಗೆ ಆ ಸದ್ದು ಹಲ್ಲಿನ ಬೇರಿಗೆ ಹೋಗುತ್ತಿತ್ತು. ಈಗ ಚೂರಾಗುತ್ತದೆ, ಈಗ ಚೂರಾಯಿತು... ಮುಕ್ಕಾಲು ತಾಸು ತಾಳಿಕೊಂಡೆ. ಆಮೇಲೆ ತಾಳಲಿಲ್ಲ. ಅದನ್ನು ನಿಲ್ಲಿಸಿ, ಚುರುಕಿನದ್ದನ್ನು ಹಚ್ಚಿದೆ. ಸದ್ದಿಲ್ಲ ಸುದ್ದಿಲ್ಲ, ಅರ್ಧ ತಾಸಿಗೆ ಮುಗಿದು, ಕೆಲಸ ಯಶಸ್ವಿ ಅಂತ ಹಸಿರು ಗುರುತು ತೋರಿಸಿತು. ಆ ಹಸಿರು ನೋಡಿ ನಾನು ಉಸಿರು ಬಿಟ್ಟ ರೀತಿಗೆ ದೊಡ್ಡವ್ವನೂ ನಕ್ಕಳು. ಹೊಸ ಡಿವಿಡಿಯನ್ನು ಮೊದಲ ಹತ್ತು ನಿಮಿಷ ನೋಡಿದೆವು. ಚೆನ್ನಾಗಿತ್ತು. ಎರಡನ್ನೂ ಅವಳ ಕೈಗಿಟ್ಟೆ. ನಡುವಿನದ್ದನ್ನು ನೋಡಲಿಲ್ಲ. ಖರೆ ಹೇಳಬೇಕೆಂದರೆ, ನೋಡಲು ಧೈರ್ಯವಾಗಲಿಲ್ಲ.

ಮರುದಿನ ಅಮಾವಾಸ್ಯೆ. ದೊಡ್ಡವ್ವ ಹೊಳೆದಂಡೆಯ ಶಿವಯೋಗ ಮಂದಿರಕ್ಕೆ ಹೋಗಿ ಮಂಗಳವಾರ ತಿರುಗಿ ಬಂದಳು. ಸಂಜೆ ನಾನು ಶಾಲೆಯಿಂದ ಬರುವಷ್ಟರಲ್ಲಿ ನಮ್ಮ ಕಟ್ಟೆಯ ಮೇಲೆ ಕೂತಿದ್ದಳು.

"ಎಳಿ ತಪ್ಪೇತಿ ತಂಗಿ" ಅಂದಳು.

ಅವಳ ಮನೆಗೆ ಓಡಿದೆ. ಪ್ಲೇಯರಿನಲ್ಲಿ ಪಂಕ್ತಿ ಬಂತು. ಹೋಳಿಗೆ ಬಂತು. ಅವರು ಎಲೆಯ ಮೇಲೆ ಎರಡೂ ಕೈ ಅಡ್ಡ ಹಿಡಿದರು... ಮುಂದಿನ ಕ್ಷಣಕ್ಕೆ ಯಾರೋ ಎಂಜಲೆಲೆ ಎತ್ತುತ್ತಿದ್ದರು. ಪಂಕ್ತಿಯೇ ಎದ್ದುಹೋಗಿತ್ತು. ನಗು ಇರಲಿಲ್ಲ.

ಪ್ಲೇಯರು ನಿಲ್ಲಿಸಿ ಹೇಳಿದೆ: "ಹಳೇದು ಕೊಡ ದೊಡ್ಡವ್ವ, ಇವತ್ತ ಮತ್ತೊಮ್ಮಿ ಹಚ್ಚತೇನಿ. ಎಷ್ಟ ತಾಸ ಆದ್ರೂ ಆಗಲಿ."

"ಹಳೇದು ಎಲ್ಲೈತಿ? ಮಲಪ್ರಭಾಕ್ಕ ಬಿಟ್ಟ ಬಂದೆ, ಹೂ ಏರಿಸಿ. ಕೆಚ್ಚಿದ ಮ್ಯಾಲೆ ಹಳೇ ತುದಿ ಯಾರಾದ್ರೂ ಇಟಗೋತಾರೇನ?"

ಕೆಚ್ಚಿದ ಮೇಲೆ ಹಳೆಯ ತುದಿಯನ್ನು ಕತ್ತರಿಸಿ ತೆಗೆಯುತ್ತಾರೆ. ಊರಿಗೆಲ್ಲ ಗೊತ್ತಿದ್ದ ಮಾತು. ಆ ಶಬ್ದವನ್ನು ಅವಳ ಬಾಯಿಗೆ ಕೊಟ್ಟವಳು ನಾನು. ಮುಕ್ಕಾದ ವಸ್ತುವನ್ನು ತಿಪ್ಪೆಗೆ ಹಾಕದೆ ಮರ್ಯಾದೆಯಿಂದ ಹೊಳೆಗೆ ಬಿಟ್ಟಿದ್ದಳು, ಅಷ್ಟೇ. ನಾನು ಅಲ್ಲೇ ನೆಲದ ಮೇಲೆ ಕೂತೆ. ಅವಳು ಬೈಯಲಿಲ್ಲ, ಅಳಲೂ ಇಲ್ಲ. "ಕೆಚ್ಚೋರ ಕೈ ನಡುಗಿದ್ರ ಎಳಿ ತಪ್ಪತಾವು. ನಾನೂ ಮೊದಮೊದ್ಲ ತಪ್ಪಸತಿದ್ನಿ" ಅಂದು ನನ್ನ ಬೆನ್ನ ಮೇಲೆ ಕೈಯಾಡಿಸಿದಳು. ಇದು ಮಷೀನು ಮಾಡಿದ್ದು, ದೊಡ್ಡವ್ವ, ಅಂತ ನಾನು ಮತ್ತೆ ಮತ್ತೆ ಹೇಳಿದೆ. ಮಷೀನಲ್ಲ, ತಾಳಲಾರದೆ ಸಾಫ್ಟ್‌ವೇರು ಬದಲಿಸಿದವಳು ನಾನು ಅಂತ ಆವತ್ತೂ ಹೇಳಲಿಲ್ಲ, ಆಮೇಲೂ ಹೇಳಲಿಲ್ಲ.

ಅವಳು ಆ ಡಿವಿಡಿಯನ್ನು ದಿನಾ ಹಚ್ಚುವುದು ಬಿಡಲಿಲ್ಲ. ಹೋಳಿಗೆ ಬಂದು ಚಿತ್ರ ಜಿಗಿದಾಗಲೆಲ್ಲ, ಪಕ್ಕದಲ್ಲಿದ್ದವರಿಗೆ "ಇಲ್ಲೆ ನಗತಾರ" ಅನ್ನುತ್ತಿದ್ದಳು. ಮೊದಲ ವರ್ಷ ಖಚಿತವಾಗಿ ಅನ್ನುತ್ತಿದ್ದಳು. ಆಮೇಲಾಮೇಲೆ ದನಿ ಸಣ್ಣದಾಯಿತು...

ನನಗೆ ಬಾಗಲಕೋಟೆಗೆ ವರ್ಗವಾಯಿತು. ಎರಡು ವರ್ಷದ ನಂತರ ಅವಳಿಗೆ ಆರಾಮಿಲ್ಲ ಅಂತ ತಿಳಿದು ನೋಡಲು ಹೋದೆ. ಹಾಸಿಗೆ ಹಿಡಿದಿದ್ದಳು. ನನ್ನ ಗುರುತು ಹಿಡಿದಳು. ಬಳಿಗೆ ಕರೆದು, ಬೇರೆಯವರಿಗೆ ಕೇಳಿಸದ ಹಾಗೆ ಕೇಳಿದಳು: "ತಂಗಿ, ನನಗ ಮರತ ಹೋಗೇತಿ. ಆವತ್ತ ನೀ ನೋಡಿದ್ಯಲ್ಲ. ಹಲ್ಲ ಕಾಣಸಿ ನಗತಿದ್ರೋ, ಬಾಯಿ ಮುಚ್ಚಿ ನಗತಿದ್ರೋ?"

ನಾನು ನೋಡಿರಲಿಲ್ಲ. ಮೊದಲ ದಿನ ಅವಳು "ನೋಡ, ನೋಡ" ಅನ್ನುತ್ತಿದ್ದಾಗ ನಾನು ಚಿತ್ರ ಎಲ್ಲಿ ನಿಂತಿತೆಂದು ಕೆಳಗೆ ಓಡುತ್ತಿದ್ದ ನಿಮಿಷ ಸೆಕೆಂಡಿನ ಅಂಕಿ ಬರೆದುಕೊಳ್ಳುತ್ತಿದ್ದೆ. ತಲೆ ಎತ್ತುವಷ್ಟರಲ್ಲಿ ಬೇರೆ ಯಾರದೋ ಮುಖ ಬಂದಿತ್ತು.

"ಹಲ್ಲ ಕಾಣಸಿ ನಕ್ಕಿದ್ರು ದೊಡ್ಡವ್ವ. ಕಣ್ಣ ಪೂರಾ ಮುಚ್ಚಿದ್ವು, ಹೆಗಲ ಕುಣೀತಿದ್ವು" ಅಂದೆ. ಅದು ನನ್ನ ಅಪ್ಪನ ನಗು. ಬೇರೆ ಯಾವ ನಗುವೂ ಆ ಗಳಿಗೆಯಲ್ಲಿ ನನಗೆ ನೆನಪಾಗಲಿಲ್ಲ.

"ಹೌದ್ಹೌದು, ಹಂಗ ನಗತಿದ್ರು" ಅಂದಳು. ನನ್ನ ಕೈ ಹಿಡಿದುಕೊಂಡೇ ಕಣ್ಣು ಮುಚ್ಚಿದಳು. ಮುಂದಿನ ತಿಂಗಳು ಅವಳಿಗೂ ಮಣ್ಣು ಕೊಟ್ಟು ಬಂದೆವು.

ಈಗ ಮಾಳಿಗೆಯಿಂದ ಇಳಿದು ಬಂದು ಇದನ್ನು ಬರೆಯುತ್ತಿದ್ದೇನೆ. ಆ ನಗು ಹೇಗಿತ್ತೆಂದು ನನ್ನನ್ನು ಕೇಳುವವರು ಯಾರೂ ಉಳಿದಿಲ್ಲ. ಆದರೂ ಆ ಮನುಷ್ಯನನ್ನು ನೆನೆದರೆ ಈಗ ನನಗೆ ಬರುವುದು ಅಪ್ಪನ ಮುಖ, ಅಪ್ಪನನ್ನು ನೆನೆದರೆ ಎಲೆಯ ಮೇಲೆ ಅಡ್ಡ ಹಿಡಿದ ಎರಡು ಕೈ. ಎರಡರಲ್ಲಿ ಒಂದೂ ನನಗೆ ಪೂರ್ತಿಯಾಗಿ ಉಳಿಯಲಿಲ್ಲ.