ಒಳಗೆ ಬಿಟ್ಟ ಒಂದೂವರೆ ಇಂಚು

ಕಳೆದ ವಾರ ತರೀಕೆರೆಯ ಒಂದು ಟೈಲರ್ ಅಂಗಡಿಯಲ್ಲಿ ನನ್ನ ಹಳೆಯ ರವಿಕೆಯ ಪಕ್ಕದ ಹೊಲಿಗೆಯನ್ನು ಬಿಚ್ಚಿದಾಗ ಮಿಷನ್ ಎಣ್ಣೆಯ ವಾಸನೆ ಬಂತು. ಜೊತೆಗೆ ಗುರುತು ಹಾಕುವ ಸುಣ್ಣದ ಬಿಲ್ಲೆಯದು, ಇಸ್ತ್ರಿಯ ಬಿಸಿಗೆ ಕಂದಿದ ಬಟ್ಟೆಯದು... ಅದು ಆ ಅಂಗಡಿಯದೇ ವಾಸನೆಯಾಗಿದ್ದಿರಬೇಕು. ಆರು ವರ್ಷ ಪೆಟ್ಟಿಗೆಯಲ್ಲಿದ್ದ ರವಿಕೆಗೆ ನುಸಿಗುಳಿಗೆಯ ವಾಸನೆಯಲ್ಲದೆ ಬೇರೆ ಇರಲು ಸಾಧ್ಯವಿಲ್ಲ. ಆದರೂ ನಾನು ಬಾಗಿ ಅದನ್ನು ಮೂಸಿ ನೋಡಿದೆ.

"ಏನ್ ಮೇಡಂ, ಇಷ್ಟೊಂದ್ ಬಟ್ಟೆ ಒಳಗ್ ಬಿಟ್ಟವ್ರೆ! ಈಗ ಯಾರೂ ಹಿಂಗ್ ಬಿಡಲ್ಲ" ಎಂದು ಅಂಗಡಿಯಾಕೆ ಹೊಲಿಗೆಯನ್ನು ಬೆಳಕಿಗೆ ಹಿಡಿದರು. "ಬೆನ್ನ್ ಹತ್ರ ನಾಲ್ಕು ಟಿಚ್ ಬಟನ್ ಬೇರೆ. ಇದ್ಯಾಕೆ? ಯಾರು ಹೊಲ್ದಿದ್ದು?"

"ಅಜ್ಜಂಪುರದಲ್ಲಿ ಒಬ್ಬರು" ಎಂದೆ.

ನಾನು ಅತಿಥಿ ಉಪನ್ಯಾಸಕಿಯಾಗಿರುವ ಕಾಲೇಜಿನಲ್ಲಿ ಮಾನಸಿಕ ಆರೋಗ್ಯದ ಕುರಿತು ಒಂದು ಕಾರ್ಯಕ್ರಮವಿತ್ತು. ಮಾತನಾಡಬೇಕಾದವಳು ನಾನು. ಸೀರೆ ಉಟ್ಟು ಬನ್ನಿ ಎಂದಿದ್ದರು ಪ್ರಾಂಶುಪಾಲರು. ಇದ್ದ ಒಂದೇ ಒಳ್ಳೆಯ ರವಿಕೆ ಬಿಗಿಯಾಗಿತ್ತು. ಹೀಗೆ, ಆ ವಿಷಯದ ಬಗ್ಗೆ ಊರಿಗೆ ಬುದ್ಧಿ ಹೇಳಲು ಹೊರಟವಳ ಮುಂದೆ, ಆ ವಿಷಯದಲ್ಲಿ ನಾನು ಮಾಡಿದ್ದು ಬಂದು ಬಿದ್ದಿತು.

ಅಜ್ಜಂಪುರದಲ್ಲಿ ನಮ್ಮ ಮನೆಯಿಂದ ಎರಡು ತಿರುವು ದಾಟಿದರೆ ಟೈಲರ್ ಅಕ್ಕನ ಅಂಗಡಿ. ಮುಂದೆ ಮಿಷನ್ನು, ಪರದೆಯ ಹಿಂದೆ ವಾಸ. ನಲವತ್ತರ ಹತ್ತಿರದ ಆಕೆ ಮದುವೆಯಾಗಿರಲಿಲ್ಲ. ತಾಯಿ ಇದ್ದಷ್ಟು ದಿನ ಇಬ್ಬರು, ಆಮೇಲೆ ಒಬ್ಬರೇ. ಆದರೂ ಊರಿನ ಅರ್ಧದಷ್ಟು ಧಾರೆ ರವಿಕೆಗಳು ಅಲ್ಲಿಗೇ ಬರುತ್ತಿದ್ದವು. ಕೈಗುಣ ಒಳ್ಳೆಯದೆಂಬ ಹೆಸರಿತ್ತು. ವೀಳ್ಯದೆಲೆ, ಅರಿಶಿನ-ಕುಂಕುಮದ ಜೊತೆ ತಟ್ಟೆಯಲ್ಲಿ ರವಿಕೆ ಬಟ್ಟೆಯನ್ನಿಟ್ಟು ತಂದು, ಒಳ್ಳೆಯ ಗಳಿಗೆ ನೋಡಿ, ಮೊದಲ ಕತ್ತರಿಯನ್ನು ಆಕೆಯಿಂದಲೇ ಹಾಕಿಸುತ್ತಿದ್ದರು. ಕೈಹಿಡಿಯುವವರಿಲ್ಲದ ಕೈಗೆ ಅಷ್ಟು ಗುಣವಿದೆಯೆಂದು ಊರು ಒಪ್ಪಿಕೊಂಡಿದ್ದು ನನಗೆ ಆಗ ಸೋಜಿಗವೆನ್ನಿಸುತ್ತಿರಲಿಲ್ಲ...

ಯಾರಿಗೆ ಹೊಲಿದರೂ ಒಳಗಡೆ ಧಾರಾಳವಾಗಿ ಬಟ್ಟೆ ಬಿಡುವುದು ಆಕೆಯ ರೂಢಿ. ಮದುವೆಯಾಗದ ಹುಡುಗಿಯರಿಗಂತೂ ಎರಡೂ ಪಕ್ಕ ಒಂದೂವರೆ ಇಂಚು. "ಇವತ್ತಿನ ಅಳತೆ ಇವತ್ತಿಗೆ ಮಾತ್ರ ಕಣೇ. ನಾಳೆ ನೀನು ಏನಾಗ್ತೀಯೋ, ರವಿಕೆ ಯಾಕೆ ಅಡ್ಡ ಬರ್ಬೇಕು?" ಎನ್ನುತ್ತಿದ್ದರು.

ನಾನು ಡಿಗ್ರಿಗೆಂದು ದಿನವೂ ಬಸ್ಸಿನಲ್ಲಿ ಕಡೂರಿಗೆ ಹೋಗುತ್ತಿದ್ದೆ. ಅಮ್ಮ ಅಳತೆಗೆಂದು ಹಳೆಯ ಬಟ್ಟೆ ಕೊಟ್ಟು ಕಳಿಸುತ್ತಿದ್ದರು. ಕತ್ತು ಇಷ್ಟೇ, ತೋಳು ಇಷ್ಟೇ ಎಂಬ ಆಜ್ಞೆಯೂ ಅದರ ಜೊತೆಗೇ ಬರುತ್ತಿತ್ತು. ನನಗೋ ಫೋನಿನಲ್ಲಿ ನೋಡಿದಂಥದ್ದೇ ಬೇಕು. ಎರಡನೆಯ ವರ್ಷದಲ್ಲಿ ಒಂದು ದಿನ ಅಂಗಡಿಯಲ್ಲಿ ಅತ್ತುಬಿಟ್ಟೆ. ಅಕ್ಕ ನಕ್ಕರು. ನಂತರ ಅವರು ಮಾಡಿಕೊಟ್ಟ ಉಪಾಯವನ್ನು ಯಾವ ಫ್ಯಾಷನ್ ಕಾಲೇಜಿನವರೂ ಕಲಿಸಿರಲಾರರು. ಚೂಡಿದಾರದ ತೋಳುಗಳನ್ನು ಹೊಲಿಯದೆ, ಒತ್ತಿದರೆ ಕೂರುವ, ಎಳೆದರೆ ಬಿಡುವ ಟಿಚ್ ಬಟನ್‌ಗಳಿಂದ ಕೂರಿಸಿದರು. ಮನೆ ಬಿಡುವಾಗ ಮುಕ್ಕಾಲು ತೋಳು. ಬೀರೂರು ದಾಟಿದ ಮೇಲೆ ದುಪಟ್ಟಾದ ಮರೆಯಲ್ಲಿ ಟಿಚ್, ಟಿಚ್ ಎಂದು ಬಿಡಿಸಿದರೆ ತೋಳುಗಳು ಬ್ಯಾಗಿನಲ್ಲಿ, ನಾನು ಸ್ಲೀವ್‌ಲೆಸ್ಸಿನಲ್ಲಿ. ಸಂಜೆ ಬೀರೂರಿನಲ್ಲಿ ಮತ್ತೆ ಸಂಸ್ಕೃತಿ ಅಂಟಿಕೊಳ್ಳುತ್ತಿತ್ತು. ಒಂದು ಸಲ ಒಂದೇ ತೋಳು ಹಾಕಿಕೊಂಡು ಇಳಿದೆ. ಮತ್ತೊಂದನ್ನು ಕಂಡಕ್ಟರು ಕಿಟಕಿಯಿಂದ ಎಸೆದು, "ಲೇ ತಾಯಿ, ನಿನ್ ಕೈ ಬಿಟ್ ಹೋದ್ಯಲ್ಲ" ಎಂದ. ಅದನ್ನು ಹೇಳಿದಾಗ ಅಕ್ಕ ಮಿಷನ್ ನಿಲ್ಲಿಸಿ, ಕಣ್ಣಲ್ಲಿ ನೀರು ಬರುವಷ್ಟು ನಕ್ಕಿದ್ದರು.

ಅವರು ನನ್ನ ಗುಟ್ಟನ್ನು ಕಾಯುತ್ತಿದ್ದರು. ಅವರದೂ ಒಂದು ಗುಟ್ಟು ನನ್ನ ಬಳಿ ಇತ್ತು. ಪ್ರತಿ ತಿಂಗಳು ಒಂದು ತುಂಡು ಬಟ್ಟೆಯಲ್ಲಿ ಚೀಟಿ ಸುತ್ತಿ ಕೊಡುತ್ತಿದ್ದರು. ಚಿಕ್ಕಮಗಳೂರಿನ ಮನೋವೈದ್ಯರು ಬರೆದದ್ದು. ಅಜ್ಜಂಪುರದಲ್ಲಿ ಕೊಂಡರೆ ಸಂಜೆಯೊಳಗೆ ಊರಿಗೆ ಗೊತ್ತಾಗುತ್ತದೆ. ಆದ್ದರಿಂದ ಕಡೂರಿನಿಂದ ನಾನು ತರಬೇಕು. "ತಲೇಲಿ ಮಿಷನ್ನು ನಿಲ್ಲಲ್ಲ ಕಣೇ. ದಾರ ಇರಲ್ಲ, ಬಟ್ಟೆ ಇರಲ್ಲ, ಸುಮ್ನೆ ಓಡ್ತಾನೇ ಇರುತ್ತೆ. ಈ ಮಾತ್ರೆ ತಗೊಂಡ್ರೆ ಪೆಡಲ್ ಮೇಲಿಂದ ಕಾಲು ತೆಗ್ದಂಗಾಗುತ್ತೆ" ಎಂದು ಒಂದೇ ಒಂದು ಸಲ ಹೇಳಿದ್ದರು. ಆಮೇಲೆ ನಾನು ಎಷ್ಟೋ ಪುಸ್ತಕಗಳಲ್ಲಿ ಆ ಕಾಯಿಲೆಯ ವಿವರಣೆ ಓದಿದ್ದೇನೆ. ಇದರಷ್ಟು ನಿಖರವಾದದ್ದು ಸಿಕ್ಕಿಲ್ಲ.

ಕಾಲೇಜಿನಲ್ಲಿ ಒಬ್ಬ ಹುಡುಗನಿದ್ದ. ಅವನ ಬಗ್ಗೆ ಹೆಚ್ಚು ಬರೆಯಲು ಇಷ್ಟವಿಲ್ಲ. ನಾನು ಬ್ಯಾಗಿಗೆ ತುಂಬಿದ ತೋಳುಗಳನ್ನು ಕ್ರಾಂತಿಯೆಂದು ಹೊಗಳಿದವನು ಅವನೇ. ಕೊನೆಯ ವರ್ಷ ಮನೆಯವರನ್ನು ಕಾಣುವ ಮಾತು ಬಂದಾಗ, "ನಮ್ಮಮ್ಮ ಬೇರೆ ಥರ ಕಣೇ, ಫುಲ್ ತೋಳು ಹಾಕ್ಕೊಂಡ್ ಬಾ. ಆಮೇಲೂ ಅದೇ ಅಭ್ಯಾಸ ಆಗ್ಲಿ" ಎಂದವನೂ ಅವನೇ. ಅಕ್ಕನಿಗೆ ಹೇಳಿದೆ. ಗುಂಡಿಯ ಕಾಜಾ ಹೊಲಿಯುತ್ತಿದ್ದವರು ತಲೆಯೆತ್ತದೆ ಕೇಳಿದರು: "ಅವರಮ್ಮನ ಹಳೇ ರವಿಕೆ ಕಳಿಸ್ತಾನಂತಾ? ಇದೇ ಅಳತೆಗೆ ಒಂದ್ ಹುಡುಗಿ ಹೊಲ್ಕೊಡಿ ಅಂತ?" ನಾನು ನಕ್ಕೆ. ಮಾರನೆಯ ದಿನ ಅದೇ ಮಾತನ್ನು ಅವನಿಗೆ ಹೇಳಿದೆ. ಅವನು ನಗಲಿಲ್ಲ. ವಾರದೊಳಗೆ ನನ್ನ ಸಂಖ್ಯೆಯನ್ನು ಬ್ಲಾಕ್ ಮಾಡಿದ.

ಹತ್ತು ದಿನ ಹಾಸಿಗೆ ಹಿಡಿದೆ. ಊಟ ಸೇರಲಿಲ್ಲ, ಕಾಲೇಜಿಗೆ ಹೋಗಲಿಲ್ಲ. ಆ ತಿಂಗಳ ಮಾತ್ರೆಗಳನ್ನು ತಂದಿದ್ದೆ, ಆದರೆ ಕೊಟ್ಟಿರಲಿಲ್ಲ. ಅವು ಬ್ಯಾಗಿನಲ್ಲಿ ತುಂಡು ಬಟ್ಟೆಯೊಳಗೇ ಇದ್ದವು. ಎರಡು ತಿರುವು ದಾಟಿದರೆ ಅಂಗಡಿ ಎಂದು ಹೇಳಿದೆನಲ್ಲ. ಆ ಎರಡು ತಿರುವನ್ನು ನಾನು ನಡೆಯಲಿಲ್ಲ.

ಹೆಣ್ಣುಮಗಳು ಕಾರಣ ಹೇಳದೆ ಮಲಗಿದರೆ, ಊಟ ಬಿಟ್ಟರೆ, ನಮ್ಮ ಮನೆಗಳಲ್ಲಿ ಅನುಮಾನ ಹೋಗುವುದು ಒಂದೇ ದಿಕ್ಕಿಗೆ. ಅಮ್ಮ ಬ್ಯಾಗು ತೆರೆದರು. ಮಾತ್ರೆಯ ಪಟ್ಟಿಗಳನ್ನು ಹಿಡಿದು ಬಾಗಿಲು ಹಾಕಿಕೊಂಡು ಒಳಗೆ ಬಂದರು.

"ಏನೇ ಇವು? ಕಡೂರಲ್ಲಿ ಏನ್ ಮಾಡ್ಕೊಂಡ್ ಬಂದೆ? ಎಷ್ಟು ತಿಂಗ್ಳು?"

"ಅಯ್ಯೋ ಅಮ್ಮ, ನಂದಲ್ಲ! ಟೈಲರ್ ಅಕ್ಕಂದು. ತಲೆಗೆ ತಗೊಳ್ಳೋದು."

"ತಲೇಗಾ?"

"ಹೂಂ. ಹುಚ್ಚಿನ ಡಾಕ್ಟ್ರು ಬರ್ಕೊಟ್ಟಿರೋದು. ಬೇಕಾದ್ರೆ ಚೀಟಿ ನೋಡು."

ಅಮ್ಮ ಗೋಡೆಗೊರಗಿ ನೆಲದ ಮೇಲೆ ಕುಳಿತರು. "ಸದ್ಯ!" ಎಂದರು. "ಸದ್ಯ, ಕಣೇ..." ಎಂದು ನನ್ನ ತಲೆ ಸವರಿದರು. ನನಗೂ ಉಸಿರು ಬಂತು. 'ಹುಚ್ಚಿನ ಡಾಕ್ಟ್ರು' ಎಂಬ ಪದವನ್ನು ಅಕ್ಕ ಎಂದೂ ಬಳಸಿರಲಿಲ್ಲ. ಅದು ನನ್ನ ಬಾಯಿಂದ ಬಂದದ್ದು. ನನ್ನ ಮಾನ ಉಳಿಸಿಕೊಳ್ಳಲು ಎಷ್ಟು ಬೇಗ ಬಂತು ಅದು!

ಅಮ್ಮ ಹೇಳಿದ್ದು ಚಿಕ್ಕಮ್ಮನಿಗೆ ಮಾತ್ರವಂತೆ. ಚಿಕ್ಕಮ್ಮ ಹೇಳಿದ್ದೂ ಒಬ್ಬರಿಗೆ ಮಾತ್ರವಂತೆ. ನಮ್ಮ ಊರಿನಲ್ಲಿ ಸುದ್ದಿ ಯಾವಾಗಲೂ ಒಬ್ಬರಿಗೆ ಮಾತ್ರ ಹೋಗುತ್ತದೆ. ಅದು ಲಗ್ನದ ಕಾಲ. ತಟ್ಟೆಯಲ್ಲಿಟ್ಟು ತಂದಿದ್ದ ಧಾರೆ ರವಿಕೆಗಳನ್ನು ಒಂದೊಂದಾಗಿ ವಾಪಸು ಒಯ್ದರು. ಯಾರೂ ಜಗಳವಾಡಲಿಲ್ಲ, ಬೈಯಲಿಲ್ಲ. "ಬಣ್ಣ ಬದಲಾಯ್ಸಣ ಅಂತವ್ಳೆ ಹುಡುಗಿ", "ಮುಹೂರ್ತ ಮುಂದಕ್ ಹೋಯ್ತು ಕಣ್ರೀ" ಎಂದು ನಯವಾಗಿ ಹೇಳಿ ಕೊಂಡೊಯ್ದರು. ಕೈಗುಣ ಒಂದು ವಾರದಲ್ಲಿ ಕೆಟ್ಟಿತು.

ಹಾಸಿಗೆ ಬಿಟ್ಟೆದ್ದು ನಾನು ಅಂಗಡಿಗೆ ಹೋದಾಗ ಗೂಟಗಳೆಲ್ಲ ಖಾಲಿಯಿದ್ದವು. ಒಂದೇ ಒಂದು ರವಿಕೆ ತೂಗುತ್ತಿತ್ತು. ಕಾಲೇಜಿನ ಬೀಳ್ಕೊಡುಗೆಗೆಂದು ನಾನು ಕೊಟ್ಟಿದ್ದದ್ದು. ಬೆನ್ನು ಆಳ. ಅದನ್ನು ಮುಚ್ಚಲು, ನಾಲ್ಕು ಟಿಚ್ ಬಟನ್‌ಗಳಿಂದ ಕೂರಿಸಿ ಬಿಡಿಸಬಹುದಾದ ಒಂದು ಪಟ್ಟಿ. ಮಾತ್ರೆಯ ಗಂಟನ್ನು ಮಿಷನ್ನಿನ ಮೇಲಿಟ್ಟೆ. ಅಕ್ಕ ಅದನ್ನು ನೋಡಲೇ ಇಲ್ಲ.

"ಇನ್ನು ತರ್ಬೇಡ. ಅಣ್ಣ ಬತ್ತಾನೆ, ಪಂಚನಹಳ್ಳಿಗೆ ಕರ್ಕೊಂಡ್ ಹೋಗ್ತಾನಂತೆ." ರವಿಕೆಯನ್ನು ಮಡಿಸಿ ಕೈಗಿತ್ತರು. "ಒಳಗೆ ಒಂದೂವರೆ ಇಂಚು ಬಿಟ್ಟಿದ್ದೀನಿ. ಬಿಗಿಯಾದ್ರೆ ಯಾರ್ ಹತ್ರನಾದ್ರೂ ಬಿಚ್ಚಿಸ್ಕೊ."

ಯಾರು ಹೇಳಿದರೆಂದು ಅವರು ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದೆ ಎಂದು ವರ್ಷಗಟ್ಟಲೆ ನನಗೆ ನಾನೇ ಹೇಳಿಕೊಂಡಿದ್ದೇನೆ... ನಾನು "ಹೂಂ ಅಕ್ಕ" ಎಂದು ಬಂದೆ.

ಎಂ.ಎ. ಓದುವಾಗ, ಹಾಸ್ಟೆಲಿನ ನಾಲ್ಕು ಗೋಡೆಗಳ ನಡುವೆ, ದಾರವಿಲ್ಲದ ಮಿಷನ್ನು ನನ್ನೊಳಗೂ ಓಡತೊಡಗಿತು. ಅಷ್ಟು ಜನರ ನಡುವೆ ಯಾರಿಗೂ ಹೇಳಲಾಗದೆ ಒಂದಿಡೀ ಚಳಿಗಾಲ ಕಳೆದೆ. ಕೊನೆಗೆ ವೈದ್ಯರ ಬಳಿ ಹೋದೆ. ಅವರು ಬರೆದ ಚೀಟಿಯಲ್ಲಿ ಆ ಮಾತ್ರೆಯ ಹೆಸರಿತ್ತು. ಎರಡು ವರ್ಷ ತಿಂಗಳಿಗೊಮ್ಮೆ ಕಡೂರಿನಲ್ಲಿ ನಾನು ಓದಿ ಹೇಳುತ್ತಿದ್ದ ಅದೇ ಹೆಸರು. ಮೊದಲ ಮಾತ್ರೆ ನುಂಗಿದೆ. ಆ ಭಾನುವಾರ ಪಂಚನಹಳ್ಳಿಯ ಬಸ್ಸು ಹತ್ತಿದೆ.

ಅಣ್ಣನ ಹೆಂಡತಿ ಬಾಗಿಲಲ್ಲೇ ನನ್ನನ್ನು ದಿಟ್ಟಿಸಿದರು. ನಡುಮನೆಯಲ್ಲಿ ಹೊಲಿಗೆ ಮಿಷನ್ನಿನ ಮೇಲೆ ಬೆಡ್‌ಶೀಟು ಹೊದಿಸಿ ಟಿ.ವಿ. ಇಟ್ಟಿದ್ದರು.

"ಅವ್ರು ತೀರ್ಕೊಂಡು, ಹೋದ ಶ್ರಾವಣಕ್ಕೆ ವರ್ಷ ತುಂಬ್ತು ಕಣವ್ವ" ಎಂದರು.

"ಮಾತ್ರೆ ಕೊಡ್ತಿದ್ರಾ?"

"ಅವೆಲ್ಲ ಯಾಕೆ ಅಂತ ಬಿಡ್ಸಿದ್ವಿ. ಮನೇಲಿ ಹೆಣ್ಣುಮಕ್ಕಳವ್ರೆ, ನಾಳೆ ನೋಡಕ್ ಬಂದೋರು ಏನಂತಾರೆ? ಮಿಷನ್ನೂ ಮುಟ್ಟಕ್ ಬಿಡ್ಲಿಲ್ಲ, ಕತ್ರಿ ಗಿತ್ರಿ ಅಂತ ಭಯ. ಸುಮ್ನೆ ಕುಂತಿರೋರು. ಆಮೇಲಾಮೇಲೆ ಊಟನೇ ಬೇಡ ಅಂದ್ಬಿಟ್ರು..." ಸೆರಗಿನಿಂದ ಕಣ್ಣೊರೆಸಿಕೊಂಡರು. ಆ ಕಣ್ಣೀರು ಸುಳ್ಳಲ್ಲ. ಅದೇ ನನ್ನನ್ನು ಇನ್ನೂ ಉರಿಸುವುದು.

ಇದಕ್ಕೆ ಉತ್ತರ ಕೊಡಬೇಕಾದವರು ಯಾರು? ಬಣ್ಣದ ನೆಪ ಹೇಳಿ ತಟ್ಟೆಗಳನ್ನು ಒಯ್ದವರೆಲ್ಲ ಇಂದಿಗೂ ಒಳ್ಳೆಯ ಹೆಂಗಸರು; ಅವರು ಹಿಂದೆ ಅಕ್ಕನಿಂದ ಹೊಲಿಸಿ, ತೊಟ್ಟು ಮದುವೆಯಾದ ರವಿಕೆಗಳು ಇನ್ನೂ ಅವರ ಬೀರುಗಳಲ್ಲಿವೆ. ಮಾತ್ರೆ ಬಿಡಿಸಿದ ಅಣ್ಣ ಕೆಟ್ಟವನಲ್ಲ, ಮಕ್ಕಳ ಮದುವೆಯ ಚಿಂತೆಯವನು. ಅಮ್ಮ 'ಸದ್ಯ' ಎಂದದ್ದು ಮಗಳ ಮೇಲಿನ ಪ್ರೀತಿಯಿಂದ. ಇಷ್ಟೊಂದು ಒಳ್ಳೆಯವರು ಸೇರಿ ಒಬ್ಬ ಹೆಂಗಸಿನ ಕೈಯಿಂದ ಕತ್ತರಿಯನ್ನೂ ಬಾಯಿಂದ ಮಾತ್ರೆಯನ್ನೂ ಕಿತ್ತುಕೊಳ್ಳಬಹುದಾದರೆ, ಆ ಒಳ್ಳೆಯತನವನ್ನು ನಾನು ಪ್ರಶ್ನಿಸುತ್ತೇನೆ. ಹೆಣ್ಣಿನ ತೋಳು ಕಂಡರೂ, ಬಸಿರಿನ ಅನುಮಾನ ಬಂದರೂ, ಮನಸ್ಸು ಕೆಟ್ಟರೂ ಒಂದೇ ನಾಚಿಕೆಯನ್ನು ಹೊದಿಸುವ ಈ ಸಂಸ್ಕೃತಿಯನ್ನು ಪ್ರಶ್ನಿಸುತ್ತೇನೆ. ಹಾಗೆ ಬೆರಳು ತೋರುವಾಗ, ಮೊದಲ ಕತ್ತರಿ ಹಾಕಿದ ಕೈ ನನ್ನದೆಂಬುದನ್ನು ಮುಚ್ಚಿಡಲಾರೆ. ಆಕೆ ನನಗೆ ಬಟನ್ ಹಾಕಿಕೊಟ್ಟು ಎರಡು ಬದುಕು ಮಾಡಿಕೊಟ್ಟಿದ್ದರು. ಆಕೆಗಿದ್ದ ಒಂದನ್ನು ನಾನು ಬಿಚ್ಚಿ ಹಾಕಿದೆ.

ಆಕೆಯ ಹೆಸರನ್ನು ಇಲ್ಲಿ ಬರೆದಿಲ್ಲ. ಒಮ್ಮೆ ಹೇಳಿದ್ದು ಸಾಕು.

ಕಾರ್ಯಕ್ರಮದ ಹಿಂದಿನ ದಿನ ತರೀಕೆರೆಯ ಅಂಗಡಿಗೆ ಹೋದೆ. ಇನ್ನೂ ಮೂವರು ಹೆಂಗಸರು ಬೆಂಚಿನ ಮೇಲೆ ಕುಳಿತಿದ್ದರು. ರವಿಕೆ ಸಿದ್ಧವಾಗಿತ್ತು.

"ಅರ್ಧ ಇಂಚು ಬಿಡ್ಸಿದ್ದೀನಿ ಮೇಡಂ. ಇನ್ನೂ ಒಂದಿಂಚು ಒಳಗೈತೆ, ದಪ್ಪ ಕಾಣುತ್ತೆ. ಕತ್ರಿಸ್ಬಿಡ್ಲಾ?"

"ಬೇಡ, ಇರಲಿ."

"ಬಟನ್ನು?"

"ಅವೂ ಇರಲಿ."

"ಹೊಲ್ದೋರು ಈಗ್ಲೂ ಹೊಲೀತಾರಾ? ಎಂಥ ಕೈ ಮೇಡಂ, ಒಳಗಡೆ ಹೊಲಿಗೆನೂ ಹೊರಗಿನ್ ಥರನೇ ಐತೆ."

"ಇಲ್ಲ. ತೀರಿಕೊಂಡರು."

"ಅಯ್ಯೋ. ಏನಾಗಿತ್ತು?"

ಬೆಂಚಿನ ಮೇಲಿದ್ದ ಮೂವರೂ ತಲೆಯೆತ್ತಿದರು. ಜ್ವರವೆಂದು ಹೇಳಬಹುದಿತ್ತು. ಎದೆನೋವೆಂದು ಹೇಳಬಹುದಿತ್ತು.

"ಮನಸ್ಸಿನ ಕಾಯಿಲೆ ಇತ್ತು. ಮಾತ್ರೆಯಲ್ಲಿ ಚೆನ್ನಾಗಿದ್ದರು. ನಾವು ಬಿಡಿಸಿಬಿಟ್ಟೆವು" ಎಂದೆ. "ನಾನೂ ಅದೇ ಮಾತ್ರೆ ತಗೊಳ್ತೀನಿ."

ಅಂಗಡಿಯಾಕೆ ರವಿಕೆಯನ್ನು ಕವರಿಗೆ ಹಾಕಿ, ಕಣ್ಣು ತಪ್ಪಿಸಿ ಕೊಟ್ಟರು. ಮುಂದಿನ ಸಲ ಅವರು ನನ್ನ ಬಟ್ಟೆ ಹೊಲಿಯುವರೋ, ಕೆಲಸ ಹೆಚ್ಚಿದೆ ಎನ್ನುವರೋ ತಿಳಿಯದು.

ಬೆಳಿಗ್ಗೆ ಬಾಡಿಗೆ ಕೋಣೆಯ ಕನ್ನಡಿಯ ಮುಂದೆ ಅದನ್ನು ತೊಟ್ಟೆ. ಸರಿಯಾಗಿ ಕೂತಿತು. ಬೆನ್ನಿಗೆ ನಾಲ್ಕು ಬಟನ್‌ಗಳು ತಣ್ಣಗೆ ತಾಗಿದವು. ಅವುಗಳ ಮೇಲೆ ಕೂರುತ್ತಿದ್ದ ಪಟ್ಟಿಯನ್ನು ಪೆಟ್ಟಿಗೆಯಲ್ಲೆಲ್ಲ ಹುಡುಕಿದೆ. ಎಲ್ಲಿ ಕಳೆದೆನೋ... ಇನ್ನೊಂದು ಹೊಲಿದುಕೊಡಿ ಎಂದು ಕೇಳಲು ಈಗ ಯಾರೂ ಇಲ್ಲ.